ಕಾವಲು ನಮ್ಮದು, ಬಾಡಿಗೆ ಅವರದು

2025ರ ಸೆಪ್ಟೆಂಬರ್ 20ರಂದು ಗುಜರಾತಿನ ಭಾವನಗರದಲ್ಲಿ ನಮ್ಮ ಪ್ರಧಾನಮಂತ್ರಿಗಳು ಒಂದು ಸತ್ಯವನ್ನು ಆಡಿದರು. ಭಾರತವು ತನ್ನ ಸರಕು ಸಾಗಣೆಗಾಗಿ ಪರದೇಶಗಳ ಹಡಗು ಕಂಪನಿಗಳಿಗೆ ವರ್ಷಕ್ಕೆ ಸುಮಾರು 6 ಲಕ್ಷ ಕೋಟಿ ರೂಪಾಯಿ ಬಾಡಿಗೆ ತೆರುತ್ತಿದೆ ಎಂದರು. ಈ ಹಣವು ದೇಶದ ರಕ್ಷಣಾ ಬಜೆಟ್ಟಿಗೆ ಹೆಚ್ಚುಕಡಿಮೆ ಸಮನೆಂದೂ ಅವರೇ ಹೇಳಿದರು. ಐವತ್ತು ವರುಷಗಳ ಹಿಂದೆ ನಮ್ಮ ವ್ಯಾಪಾರದ ನೂರಕ್ಕೆ 40 ಭಾಗ ನಮ್ಮ ಹಡಗುಗಳಲ್ಲೇ ಸಾಗುತ್ತಿತ್ತು, ಈಗ ಅದು ನೂರಕ್ಕೆ 5ಕ್ಕೆ ಇಳಿದಿದೆ ಎಂದೂ ಒಪ್ಪಿಕೊಂಡರು.

ಸಭಿಕರು ಚಪ್ಪಾಳೆ ತಟ್ಟಿದರು. ನಾವು ಮಾತ್ರ ಚಪ್ಪಾಳೆಗೆ ಮುಂಚೆ ಲೆಕ್ಕ ಹಾಕೋಣ. 6 ಲಕ್ಷ ಕೋಟಿಯನ್ನು 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ 4,000 ರೂಪಾಯಿಗೂ ಮೇಲಾಯಿತು. ಐದು ಜನರ ಸಂಸಾರಕ್ಕೆ 20,000 ರೂಪಾಯಿ ದಾಟಿತು. ರಕ್ಷಣೆಯ ಬಾಬ್ತು ಇನ್ನೂ ಅಷ್ಟೇ. 2025-26ರ ಸಾಲಿಗೆ ಅದು 6.81 ಲಕ್ಷ ಕೋಟಿ. ಒಂದು ಕೈಯಲ್ಲಿ ಕಾವಲುಗಾರನಿಗೆ ಸಂಬಳ ಕೊಡುತ್ತೇವೆ. ಇನ್ನೊಂದು ಕೈಯಲ್ಲಿ ಅಷ್ಟೇ ಹಣವನ್ನು ಪರರ ಗಾಡಿಗೆ ಬಾಡಿಗೆಯಾಗಿ ಎಣಿಸುತ್ತೇವೆ. ಕಾವಲುಗಾರನು ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುತ್ತಿರುವುದು ಆ ಪರರ ಗಾಡಿಯನ್ನೇ!

ಘಟ್ಟದ ಮೇಲಿನ ಊರಿನವರು ನಾವು, ಗಿರಣಿಯ ಭೋಂಗಾ ಕೇಳಿ ಏಳುವವರು, ಅಂಗಡಿಯ ಬಾಗಿಲು ತೆರೆದು ಗಿರಾಕಿಯ ದಾರಿ ಕಾಯುವವರು, ನಮಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ನಿಮ್ಮ ಅಂಗಡಿಯ ಡಬ್ಬಗಳನ್ನೇ ಕೇಳಿ ನೋಡಿ. ತಾಳೆ ಎಣ್ಣೆ ಇಂಡೋನೇಷಿಯ ಮಲೇಷಿಯಗಳಿಂದ ಬಂದಿದೆ. ಸೂರ್ಯಕಾಂತಿ ಎಣ್ಣೆ ರಷ್ಯ ಉಕ್ರೇನುಗಳಿಂದ ಬಂದಿದೆ. ತೊಗರಿಯಲ್ಲಿ ಒಂದು ಪಾಲು ಬರ್ಮಾದ್ದು, ಒಂದು ಪಾಲು ಆಫ್ರಿಕದ್ದು. ರೈತನ ಗೊಬ್ಬರ, ಲಾರಿಯ ಡೀಸೆಲ್ಲು, ಗಿರಣಿಯ ಯಂತ್ರದ ಬಿಡಿಭಾಗ ಎಲ್ಲವೂ ನೀರಿನ ಮೇಲೆ ಬಂದವೇ. ತೂಕದ ಲೆಕ್ಕದಲ್ಲಿ ನಮ್ಮ ಪರದೇಶ ವ್ಯಾಪಾರದ ನೂರಕ್ಕೆ ಸುಮಾರು 95 ಭಾಗ ಸಮುದ್ರದ ಮೇಲೆಯೇ ನಡೆಯುತ್ತದೆ. ಹಡಗಿನ ಬಾಡಿಗೆ ಏರಿದಾಗ ಅದು ಬಂದರಿನಲ್ಲಿ ನಿಂತುಬಿಡುವುದಿಲ್ಲ. ಘಟ್ಟ ಹತ್ತಿ ಬಂದು ನಮ್ಮ ಸೇರು ಪಾವುಗಳಲ್ಲಿ ಕುಳಿತುಕೊಳ್ಳುತ್ತದೆ.

ಹಳೆಯ ಪಾಠ

ಕಡಲ ಕಾವಲನ್ನೂ ಕಡಲ ವ್ಯಾಪಾರವನ್ನೂ ಬೇರೆ ಬೇರೆ ಮಾಡಬಾರದೆಂಬ ಪಾಠವನ್ನು ನಮ್ಮ ಕರಾವಳಿಯಷ್ಟು ದುಬಾರಿ ಬೆಲೆ ಕೊಟ್ಟು ಕಲಿತ ನಾಡು ಇನ್ನೊಂದಿಲ್ಲ.

1498ರಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸರು ಮೊದಲು ಮೆಣಸು ಕೊಳ್ಳುವ ಗಿರಾಕಿಗಳು. 1502ರ ಹೊತ್ತಿಗೆ ಭಟ್ಕಳದಿಂದ ಅಕ್ಕಿಯ ಕಪ್ಪ ವಸೂಲು ಮಾಡುವ ದೊರೆಗಳು. 1510ರಲ್ಲಿ ಗೋವೆ ಅವರ ವಶವಾಯಿತು. ಅವರೊಡನೆ 'ಕರ್ತಾಜ್' ಎಂಬ ರಹದಾರಿ ಪತ್ರವೂ ಬಂತು. ಅರಬಿ ಸಮುದ್ರದಲ್ಲಿ ಹಾಯಿ ಬಿಚ್ಚುವ ಪ್ರತಿಯೊಂದು ಹಡಗೂ ಆ ಚೀಟಿಯನ್ನು ಕೊಳ್ಳಬೇಕು, ಅವರು ಹೇಳಿದ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕೂ ಹೋಯಿತು, ಹಡಗೂ ಹೋಯಿತು. ನಮ್ಮ ಕಡಲಿನಲ್ಲಿ ನಮ್ಮ ಸರಕನ್ನು ಸಾಗಿಸಲು ನಾವೇ ಅಪ್ಪಣೆ ಚೀಟಿ ಕೊಳ್ಳಬೇಕಾಯಿತು! 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳು ಎದ್ದವು. ಬಸರೂರಿನ ಅಕ್ಕಿ ಗೋವೆಯ ಹೊಟ್ಟೆ ತುಂಬಿಸಿತು.

ಕೆಳದಿಯ ಶಿವಪ್ಪನಾಯಕನು 1652ರಿಂದ 1654ರೊಳಗೆ ಈ ಕೋಟೆಗಳನ್ನು ಕಿತ್ತುಕೊಂಡನು. ಅದು ಕನ್ನಡಿಗರು ಹೆಮ್ಮೆಪಡತಕ್ಕ ಸಾಹಸವೇ ಸರಿ. ಆದರೆ ಕೋಟೆ ಕೈಗೆ ಬಂದರೂ ಕಡಲು ಕೈಗೆ ಬರಲಿಲ್ಲ. ಅಕ್ಕಿಯನ್ನು ಹೊರಗೆ ಕಳುಹಿಸಲು ಕಡಲು ಬೇಕಷ್ಟೆ. 1670ರ ದಶಕದಲ್ಲಿ ಅದೇ ಪೋರ್ಚುಗೀಸರೊಡನೆ ಕೆಳದಿಯವರು ಮತ್ತೆ ಒಪ್ಪಂದಕ್ಕೆ ಕೂರಬೇಕಾಯಿತು.

ಮುಂದೆ ಹೈದರಾಲಿ ಮಂಗಳೂರಿನಲ್ಲಿ ಹಡಗು ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ನೌಕಾದಳವು ಅದೇ ಮಂಗಳೂರಿನಲ್ಲಿ ಅವನ್ನು ಹಾಳುಗೆಡವಿತು. ಅವನ ಮಗ ಟೀಪು ಬೇರೆ ದಾರಿ ಹಿಡಿದನು. ಇಂಗ್ಲಿಷ್ ಕಂಪನಿಗೆ ಮೆಣಸು, ಏಲಕ್ಕಿ, ಶ್ರೀಗಂಧ ಸಿಗದಂತೆ ಮಾಡಿದನು. ಮಸ್ಕತ್ತಿನಲ್ಲೂ ಕಚ್ಛದಲ್ಲೂ ಮೈಸೂರಿನ ಕೋಠಿಗಳನ್ನು ತೆರೆದನು. 1793-94ರಲ್ಲಿ ಅವನು ಹೊರಡಿಸಿದ ವ್ಯಾಪಾರದ ಕಟ್ಟಳೆಯಲ್ಲಿ ಒಂದು ಕಲಮು ಉಂಟು. ಸಣ್ಣ ವರ್ತಕರು ಅದನ್ನು ಗಮನಿಸಬೇಕು. ಸರ್ಕಾರದ ವ್ಯಾಪಾರದಲ್ಲಿ ಪ್ರಜೆಗಳು ಹಣ ಹೂಡಬಹುದು. 500 ರೂಪಾಯಿಯವರೆಗೆ ಹೂಡಿದವನಿಗೆ ವರ್ಷಾಂತ್ಯದಲ್ಲಿ ನೂರಕ್ಕೆ 50 ಲಾಭ, 500ರಿಂದ 5,000ದವರೆಗೆ ನೂರಕ್ಕೆ 25, ಅದಕ್ಕೂ ಮೇಲೆ ಹೂಡಿದ ಸಾಹುಕಾರನಿಗೆ ನೂರಕ್ಕೆ 12! ಚಿಕ್ಕ ಥೈಲಿಗೆ ದೊಡ್ಡ ಲಾಭ, ದೊಡ್ಡ ಥೈಲಿಗೆ ಚಿಕ್ಕ ಲಾಭ. ಇಂದಿನ ಬ್ಯಾಂಕಿನ ದೊರೆಗಳಿಗೆ ಈ ಕಲಮನ್ನು ಓದಿ ಹೇಳಿದರೆ ಮೂರ್ಛೆ ಹೋದಾರು.

ಟೀಪುವನ್ನು ಹೊಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವನ ನೀತಿಯಲ್ಲಿ ಎರಡು ತಪ್ಪುಗಳಿದ್ದುವು. ಬೆಲೆಬಾಳುವ ಸರಕುಗಳ ವ್ಯಾಪಾರವನ್ನು ಸರ್ಕಾರವೇ ಬಾಚಿಕೊಂಡುದರಿಂದ ಎಷ್ಟೋ ವರ್ತಕರಿಗೆ ಕೆಲಸವಿಲ್ಲದಂತಾಯಿತು. ಸರ್ಕಾರಿ ವ್ಯಾಪಾರವು ಸಣ್ಣ ವರ್ತಕನ ಕೈಹಿಡಿಯಬೇಕೇ ಹೊರತು ಅವನ ಕತ್ತು ಹಿಸುಕಬಾರದು. ಎರಡನೆಯ ತಪ್ಪು ಕಾಲದ್ದು. ಕೋಠಿಗಳು ಮೊದಲು ಬಂದುವು, ಅವುಗಳನ್ನು ಕಾಯುವ ಹಡಗುಗಳ ಯೋಚನೆ ಕೊನೆಗೆ ಬಂತು. ನೌಕಾ ಇಲಾಖೆ ಸ್ಥಾಪಿಸಿ, 20 ದೊಡ್ಡ ಯುದ್ಧನೌಕೆ, 20 ಚಿಕ್ಕವು, ಒಟ್ಟು 40 ಕಟ್ಟಬೇಕೆಂದು ಅವನು ಹುಕುಂ ಹೊರಡಿಸಿದುದು 1796ರಲ್ಲಿ. ಮೂರೇ ವರುಷಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಕರಾವಳಿ ಕಂಪನಿಯ ಪಾಲಾಯಿತು.

ಅಂದು ವ್ಯಾಪಾರವಿತ್ತು, ಕಾವಲು ಸಾಲಲಿಲ್ಲ. ಇಂದು ಕಾವಲಿದೆ, ಸಾಗಣೆ ಪರರ ಕೈಯಲ್ಲಿದೆ.

ತೂತ್ತುಕುಡಿಯ ಗಿರಣಿ

ಹಡಗಿನ ಮಾತು ದೊಡ್ಡವರ ಮಾತು, ಗಿರಣಿ ಕೂಲಿಗೆ ಅದರ ಗೊಡವೆ ಬೇಡ ಎನ್ನುವವರು ತೂತ್ತುಕುಡಿಯ ಕಥೆಯನ್ನು ಕೇಳಬೇಕು.

ತೂತ್ತುಕುಡಿಯಿಂದ ಕೊಲಂಬೊಗೆ ಹೋಗುವ ಹಡಗುಗಳೆಲ್ಲ ಒಂದು ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ಕಾಲ. ವಕೀಲರಾದ ವ. ಉ. ಚಿದಂಬರಂ ಪಿಳ್ಳೆಯವರು 1906ರಲ್ಲಿ ಸ್ವದೇಶಿ ಹಡಗು ಕಂಪನಿಯನ್ನು ಸ್ಥಾಪಿಸಿದರು. ಮೂಲಧನ 10 ಲಕ್ಷ ರೂಪಾಯಿ. ಷೇರು ಒಂದಕ್ಕೆ 25 ರೂಪಾಯಿ. ಎರಡು ಉಗಿಹಡಗುಗಳನ್ನು ಕೊಂಡುತಂದರು. ಬ್ರಿಟಿಷ್ ಕಂಪನಿ ಸುಮ್ಮನಿದ್ದೀತೆ? ಬಾಡಿಗೆಯನ್ನು ಇಳಿಸಿತು, ಮತ್ತೂ ಇಳಿಸಿತು. ಕಡೆಗೆ ಪುಕ್ಕಟೆ ಕರೆದೊಯ್ದು, ಮೇಲೆ ಒಂದು ಕೊಡೆಯನ್ನೂ ಕೊಡುವುದಾಗಿ ಹೇಳಿತು. ಪುಕ್ಕಟೆ ಕೊಡೆಯ ಅರ್ಥ ವ್ಯಾಪಾರಸ್ಥರಿಗೆ ಚೆನ್ನಾಗಿ ಗೊತ್ತು. ಎದುರಿನ ಅಂಗಡಿ ಮುಚ್ಚುವ ತನಕ ಪುಕ್ಕಟೆ, ಮುಚ್ಚಿದ ಮರುದಿನದಿಂದ ಅವನು ಹೇಳಿದ್ದೇ ಬೆಲೆ.

ಅದೇ ಊರಿನ ಕೋರಲ್ ಮಿಲ್ಲು ಬ್ರಿಟಿಷರದು. ವಾರದ ರಜೆಯಿಲ್ಲ, ದುಡಿಮೆಗೆ ಮಿತಿಯಿಲ್ಲ, ಕೂಲಿ ಮಾತ್ರ ಕವಡೆ ಕಾಸು. 1908ರ ಫೆಬ್ರವರಿ ಕೊನೆಯಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು. ಹಡಗು ಕಂಪನಿಯ ಚಿದಂಬರಂ ಪಿಳ್ಳೆಯವರೇ ಅವರ ಮುಂದಾಳು. ಊರಿನ ಜನ ಅವರ ಬೆನ್ನಿಗೆ ನಿಂತರು. ಮಾರ್ಚ್ ಮೊದಲ ವಾರದಲ್ಲಿ ಮಾಲಿಕರು ಮಣಿದರು; ಕೂಲಿ ಏರಿತು, ಭಾನುವಾರದ ರಜೆ ಬಂತು. ಕೆಲವೇ ದಿನಗಳಲ್ಲಿ, ಮಾರ್ಚ್ 12ರಂದು, ಪಿಳ್ಳೆಯವರ ಬಂಧನವಾಯಿತು. ಮರುದಿನ ತಿರುನೆಲ್ವೇಲಿಯಲ್ಲಿ ಗುಂಡು ಹಾರಿ ಜನ ಸತ್ತರು. ಸೆರೆಮನೆಯಲ್ಲಿ ಆ ವಕೀಲರಿಂದ ಎತ್ತಿನಂತೆ ಎಣ್ಣೆಯ ಗಾಣ ಎಳೆಸಿದರು. 1911ರಲ್ಲಿ ಕಂಪನಿ ಮುಳುಗಿತು. 1912ರ ಡಿಸೆಂಬರಿನಲ್ಲಿ ಅವರು ಹೊರಗೆ ಬಂದಾಗ ಹಡಗುಗಳೂ ಇರಲಿಲ್ಲ, ಕಂಪನಿಯೂ ಇರಲಿಲ್ಲ.

ಬ್ರಿಟಿಷ್ ಸರ್ಕಾರಕ್ಕೆ ಅಷ್ಟೊಂದು ಕೋಪ ಬಂದುದೇಕೆ? 25 ರೂಪಾಯಿ ಷೇರಿನ ಸಣ್ಣ ವರ್ತಕನೂ ಗಿರಣಿಯ ಕೂಲಿಯೂ ಒಂದೇ ಸಾಲಿನಲ್ಲಿ ನಿಂತುದಕ್ಕೆ. ಸಮುದ್ರದ ಬಾಡಿಗೆಯೂ ಗಿರಣಿಯ ಕೂಲಿಯೂ ಒಂದೇ ಲೆಕ್ಕದ ಎರಡು ಬದಿಗಳೆಂದು ತಿಳಿದುದಕ್ಕೆ.

ಇನ್ನೊಂದು ತಾರೀಖನ್ನೂ ನೆನಪಿಡಬೇಕು. 1946ರ ಫೆಬ್ರವರಿ 18ರಂದು ಮುಂಬಯಿಯಲ್ಲಿ ನೌಕಾದಳದ ನಾವಿಕರು ಬ್ರಿಟಿಷ್ ಅಧಿಕಾರಿಗಳ ವಿರುದ್ಧ ಸಿಡಿದೆದ್ದರು. 22ರಂದು ಅವರಿಗೆ ಬೆಂಬಲವಾಗಿ ಬೀದಿಗೆ ಇಳಿದವರು ಯಾರು? ಮುಂಬಯಿಯ ಗಿರಣಿ ಕಾರ್ಮಿಕರು. ಮಗ್ಗ ನಿಲ್ಲಿಸಿ ಹೊರಬಂದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸ್ವತಂತ್ರ ಭಾರತದ ನೌಕಾದಳದ ಹುಟ್ಟಿನಲ್ಲಿ ಗಿರಣಿಯವರ ರಕ್ತವೂ ಬೆರೆತಿದೆ. ಆದುದರಿಂದ ಈ ವಿಷಯದಲ್ಲಿ ಬಾಯಿ ಹಾಕಲು ನಿಮಗೇನು ಹಕ್ಕು ಎಂದು ನಮ್ಮನ್ನು ಯಾರೂ ಕೇಳುವಂತಿಲ್ಲ.

ಇದ್ದುದನ್ನು ಕಳೆದುಕೊಂಡ ಬಗೆ

ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ನಮಗೆ ಬುದ್ಧಿಯಿತ್ತು. 1948ರಲ್ಲಿ ವಿಶಾಖಪಟ್ಟಣದಲ್ಲಿ 'ಜಲ ಉಷಾ' ನೀರಿಗಿಳಿಯಿತು. 1961ರ ಅಕ್ಟೋಬರ್ 2ರಂದು ಎರಡು ಸರ್ಕಾರಿ ಹಡಗು ಸಂಸ್ಥೆಗಳನ್ನು ಕೂಡಿಸಿ ಭಾರತ ಹಡಗು ನಿಗಮವನ್ನು ಸ್ಥಾಪಿಸಲಾಯಿತು. ಸರ್ಕಾರವು ಪರದೇಶದಿಂದ ಕೊಳ್ಳುವ ಧಾನ್ಯ, ಗೊಬ್ಬರಗಳನ್ನು ಅಲ್ಲಿನ ಬಂದರಿನಲ್ಲೇ ವಶಕ್ಕೆ ತೆಗೆದುಕೊಂಡು, ಸಾಧ್ಯವಾದ ಮಟ್ಟಿಗೆ ನಮ್ಮ ಹಡಗಿನಲ್ಲೇ ತರಬೇಕೆಂಬ ನಿಯಮ 1950ರ ದಶಕದ ಕೊನೆಯಲ್ಲಿ ಬಂತು.

ಈ ನಿಯಮದ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಾಪಾರದಲ್ಲಿ ಎರಡು ಪದ್ಧತಿ. ಮಾಲನ್ನು ಮಾರುವವನ ಬಂದರಿನಲ್ಲೇ ಕೊಂಡರೆ ಗಾಡಿ ಗೊತ್ತುಮಾಡುವವನು ಕೊಳ್ಳುವವನು. 'ನಮ್ಮ ಬಂದರಿಗೆ ತಂದು ಹಾಕಿ' ಎಂದು ಒಟ್ಟು ಬೆಲೆ ಕಟ್ಟಿದರೆ ಗಾಡಿ ಗೊತ್ತುಮಾಡುವವನು ಮಾರುವವನು. ನಮ್ಮ ದೊಡ್ಡ ಆಮದುದಾರರು ಬಹುಪಾಲು ಕೊಳ್ಳುವುದು ಎರಡನೆಯ ಪದ್ಧತಿಯಲ್ಲಿ. ರಫ್ತುದಾರರು ಮಾರುವುದು ಮೊದಲನೆಯ ಪದ್ಧತಿಯಲ್ಲಿ. ಹೋಗುವಾಗಲೂ ಗಾಡಿ ಅವರದೇ, ಬರುವಾಗಲೂ ಅವರದೇ. ಸಂತೆಗೆ ಹೋಗುವ ನಮ್ಮ ಮಂಡಿಯ ದಲ್ಲಾಲಿಯಾದರೂ ಗಾಡಿಯ ಬಾಡಿಗೆಯನ್ನು ತಾನೇ ಗೊತ್ತುಮಾಡಲು ನೋಡುತ್ತಾನೆ. ದೇಶದ ದೊಡ್ಡ ವರ್ತಕರಿಗೆ ಅಷ್ಟೂ ವಿವೇಕ ಬೇಡವಾಯಿತು. ಅವರನ್ನು ಕೇಳಬೇಕಾಗಿದ್ದ ಸರ್ಕಾರಗಳೂ ಕೇಳಲಿಲ್ಲ. 1991ರ ಬಳಿಕವಂತೂ 'ಬಾಗಿಲು ತೆರೆಯಿರಿ' ಎಂಬುದೇ ಮಂತ್ರವಾಯಿತು.

ಭಾವನಗರದಲ್ಲಿ ಪ್ರಧಾನಿಗಳು ಈ ಅಧೋಗತಿಗೆ ಕಾಂಗ್ರೆಸ್ಸನ್ನು ಹಳಿದರು. ಹಳಿಯಲಿ, ಅದರಲ್ಲಿ ಸತ್ಯಾಂಶವಿದೆ. ಆದರೆ 2014ರಿಂದ 2025ರವರೆಗೆ ಹನ್ನೊಂದು ವರುಷ ದಿಲ್ಲಿಯಲ್ಲಿ ಯಾರಿದ್ದರು? 2018ರ ಮೇ ತಿಂಗಳಿನಲ್ಲಿ ನಮ್ಮ ಒಂದು ಬಂದರಿನಿಂದ ನಮ್ಮದೇ ಇನ್ನೊಂದು ಬಂದರಿಗೆ ಆಮದು ರಫ್ತಿನ ಪೆಟ್ಟಿಗೆಗಳನ್ನು ಸಾಗಿಸಲು ಪರದೇಶಿ ಹಡಗುಗಳಿಗೆ ಪರವಾನಗಿಯೇ ಬೇಡವೆಂದು ಮಾಡಿದವರು ಯಾರು? 2019ರ ನವೆಂಬರಿನಲ್ಲಿ ಭಾರತ ಹಡಗು ನಿಗಮದಲ್ಲಿ ಸರ್ಕಾರದ ನೂರಕ್ಕೆ 63.75 ಪಾಲನ್ನು ಮಾರಿಬಿಡಲು ಒಪ್ಪಿದ ಮಂತ್ರಿಮಂಡಲ ಯಾರದು? ಇದ್ದ ಎತ್ತನ್ನು ಸಂತೆಯಲ್ಲಿ ಮಾರಾಟಕ್ಕೆ ಕಟ್ಟಿ, ಮನೆಗೆ ಬಂದು 'ಅಯ್ಯೋ, ಬಾಡಿಗೆ ಎತ್ತಿಗೆ ಎಷ್ಟು ಖರ್ಚು!' ಎಂದು ಅತ್ತರೆ ಅದನ್ನು ಏನೆನ್ನಬೇಕು?

ಭಾಷಣವಾದ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 24ರಂದು, ಹಡಗು ನಿರ್ಮಾಣಕ್ಕಾಗಿ 69,725 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಮಂತ್ರಿಮಂಡಲದ ಒಪ್ಪಿಗೆ ಸಿಕ್ಕಿತು. ಒಳ್ಳೆಯದೇ. ಹಡಗು ಕಟ್ಟುವುದು ಸಾವಿರಾರು ಕೈಗಳಿಗೆ ಕೆಲಸ ಕೊಡುವ ಉದ್ಯೋಗ. ಆದರೆ ಹಣ ಯಾರ ಜೇಬಿಗೆ, ಯಾವ ಕರಾರಿನ ಮೇಲೆ ಎಂಬುದನ್ನು ಜನತೆ ಕೇಳಬೇಕು. ನಮ್ಮ ತೆರಿಗೆಯಿಂದ ಸಹಾಯಧನ ಪಡೆದು ಹಡಗು ಕಟ್ಟಿಸಿ, ನಾಳೆ ಅದರ ಮೇಲೆ ಪನಾಮಾದ ಬಾವುಟ ಏರಿಸುವವರಿಗೆ ತಡೆಯೇನು?

ಕಾಯುತ್ತಿರುವುದು ಯಾರ ಸರಕನ್ನು?

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹೂತಿಗಳು ಹಡಗುಗಳ ಮೇಲೆ ದಾಳಿ ತೊಡಗಿದರು. ಸೂಯೆಜ್ ಕಾಲುವೆಯ ದಾರಿಯನ್ನು ಬಿಟ್ಟು ಹಡಗುಗಳು ಆಫ್ರಿಕ ಖಂಡವನ್ನೇ ಸುತ್ತಿಕೊಂಡು ಹೋದುವು. ಹತ್ತು ಹದಿನೈದು ದಿನ ಪ್ರಯಾಣ ಹೆಚ್ಚಿತು, ಬಾಡಿಗೆ ಹಲವು ಪಟ್ಟು ಏರಿತು. ಆಗ ನಮ್ಮ ನೌಕಾದಳವು ಹತ್ತಕ್ಕೂ ಹೆಚ್ಚು ಯುದ್ಧನೌಕೆಗಳನ್ನು ಆ ಕಡಲಿಗೆ ಕಳುಹಿಸಿತು. 2024ರ ಜನವರಿಯಲ್ಲಿ 'ಮಾರ್ಲಿನ್ ಲುವಾಂಡಾ' ಎಂಬ ತೈಲದ ಹಡಗು ಹೊತ್ತಿ ಉರಿಯುತ್ತಿದ್ದಾಗ 'ವಿಶಾಖಪಟ್ಟಣಂ' ನೌಕೆಯ ನಾವಿಕರು ಹೋಗಿ ಬೆಂಕಿ ಆರಿಸಲು ನೆರವಾದರು. ಮಾರ್ಚ್ 16ರಂದು 'ಕೋಲ್ಕತಾ' ನೌಕೆಯವರು ಕಡಲುಗಳ್ಳರ ಕೈಯಲ್ಲಿದ್ದ 'ರುಯೆನ್' ಹಡಗನ್ನು ಬಿಡಿಸಿ, 35 ಕಳ್ಳರನ್ನು ಸೆರೆಹಿಡಿದು, 17 ಖಲಾಸಿಗಳನ್ನು ಉಳಿಸಿದರು.

ಆ ನಾವಿಕರಿಗೆ ನಮ್ಮ ನಮಸ್ಕಾರ. ಅವರು ರೈತರ, ಕೂಲಿಗಳ, ಗುಮಾಸ್ತರ ಮಕ್ಕಳು. ಮುಳುಗುತ್ತಿರುವವನ ಜಾತಿ, ಬಾವುಟ ಕೇಳದೆ ಕೈಚಾಚುವುದು ಮನುಷ್ಯಧರ್ಮ. ಆದರೆ ಬಾಡಿಗೆ ಎಣಿಸಿಕೊಳ್ಳುವ ಒಡೆಯನನ್ನು ಬಾವುಟ ಕೇಳಲೇಬೇಕು. 'ಮಾರ್ಲಿನ್ ಲುವಾಂಡಾ'ದ ಮೇಲೆ ಮಾರ್ಷಲ್ ದ್ವೀಪಗಳ ಬಾವುಟ, 'ರುಯೆನ್' ಮೇಲೆ ಮಾಲ್ಟಾದ ಬಾವುಟ. ಒಡೆಯನೊಬ್ಬ, ಬಾವುಟ ಇನ್ನೊಬ್ಬನದು, ಬೆವರು ಮತ್ತೊಬ್ಬನದು. 'ಮಾರ್ಲಿನ್ ಲುವಾಂಡಾ'ದಲ್ಲಿ ದುಡಿಯುತ್ತಿದ್ದ 23 ಜನರಲ್ಲಿ 22 ಜನ ಭಾರತೀಯರೇ. ತೆರಿಗೆ ಕಟ್ಟಲು ಮಾಲಿಕನಿಗೆ ದೇಶವಿಲ್ಲ. ಹಡಗಿಗೆ ಬೆಂಕಿ ಬಿದ್ದಾಗ ಮಾತ್ರ ಭಾರತದ ನೌಕಾದಳ ಬೇಕು. ದಾಳಿಯ ಹೆಸರಿನಲ್ಲಿ ಏರಿಸಿದ ಬಾಡಿಗೆಯಲ್ಲಿ ಕಾವಲು ನಿಂತವರಿಗೆ ಕಾಸಿನ ಪಾಲುಂಟೆ? ಇಲ್ಲ. ಆ ಏರಿದ ಬಾಡಿಗೆಯನ್ನು ತೆತ್ತವರು ನಾವು, ಕಾವಲಿನ ಖರ್ಚನ್ನು ತೆತ್ತವರೂ ನಾವೇ.

ದೂರದ ಮಾತು ಬಿಡಿ. 2025ರ ಮೇ 25ರಂದು ಕೊಚ್ಚಿಯ ಬಳಿ ಲೈಬೀರಿಯ ಬಾವುಟದ 'ಎಂಎಸ್‌ಸಿ ಎಲ್ಸಾ 3' ಹಡಗು 640 ಪೆಟ್ಟಿಗೆಗಳೊಡನೆ ಮುಳುಗಿತು. 24 ಜನ ಖಲಾಸಿಗಳನ್ನು ನಮ್ಮ ಕರಾವಳಿ ರಕ್ಷಣಾ ದಳವೂ ನೌಕಾದಳವೂ ಉಳಿಸಿದುವು. ಪ್ಲಾಸ್ಟಿಕ್ಕಿನ ಕಾಳುಗಳು ಕೇರಳದ ದಡದ ಉದ್ದಕ್ಕೂ ಬಂದು ಬಿದ್ದುವು. ಬೆಸ್ತರು ಬಲೆ ಮಡಿಸಿ ಕೂರಬೇಕಾಯಿತು. 9,531 ಕೋಟಿ ರೂಪಾಯಿ ನಷ್ಟ ಪರಿಹಾರ ಕೇಳಿ ಕೇರಳ ಸರ್ಕಾರ ಹೈಕೋರ್ಟಿನ ಬಾಗಿಲು ತಟ್ಟಿತು. ಎರಡೇ ವಾರಗಳಲ್ಲಿ, ಜೂನ್ 9ರಂದು, ಸಿಂಗಪುರ ಬಾವುಟದ 'ವಾನ್ ಹೈ 503' ಹೊತ್ತಿ ಉರಿಯಿತು. ಬದುಕಿ ಉಳಿದ 18 ಜನರನ್ನು ಮಂಗಳೂರಿಗೆ ಕರೆತಂದರು. ನಾಲ್ವರು ಕಾಣೆಯಾದರು. ಲಾಭ ಅವರದು, ಹೊಗೆ, ಎಣ್ಣೆ, ಕಸ ನಮ್ಮದು.

ಕಾರವಾರ ತೆತ್ತ ಬೆಲೆ

1961ರ ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು 'ಸಾಬರಮತಿ' ಎಂಬ ನಮ್ಮ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಒಬ್ಬ ಬಡ ಮೀನುಗಾರನು ಗುಂಡಿಗೆ ಬಲಿಯಾದನು. ಡಿಸೆಂಬರ್ 18ರಂದು ನಮ್ಮ ನಾವಿಕರು ಆ ದ್ವೀಪಕ್ಕೆ ಇಳಿದರು. ಏಳು ಜನ ಪ್ರಾಣ ಕೊಟ್ಟರು. ಕಡಲ ಕಾವಲು ಬೇಡವೆನ್ನುವ ಮೂರ್ಖರು ನಾವಲ್ಲ. 2008ರ ನವೆಂಬರಿನಲ್ಲಿ ಮುಂಬಯಿಗೆ ಕೊಲೆಗಡುಕರು ಬಂದುದೂ ಸಮುದ್ರದ ದಾರಿಯಲ್ಲಿಯೇ, ಒಂದು ಮೀನಿನ ದೋಣಿಯನ್ನು ಅಪಹರಿಸಿ, ಅದರ ತಂಡೇಲನನ್ನು ಕೊಂದು.

ಆದರೆ ಕಾವಲಿನ ಬೆಲೆಯನ್ನು ಯಾರು ತೆತ್ತರು? 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಕಾರವಾರ ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ 4,000ಕ್ಕೂ ಹೆಚ್ಚು ಸಂಸಾರಗಳು ಮನೆಮಠ ಬಿಟ್ಟು ಎದ್ದುವು. ಸುಮಾರು 11,000 ಎಕರೆ ಭೂಮಿ ಹೋಯಿತು. ಬೆಸ್ತನ ದಡಕ್ಕೆ ಬೇಲಿ ಬಿತ್ತು. 2005ರ ಮೇ 31ರಂದು 'ಕದಂಬ' ನೆಲೆ ಕೆಲಸಕ್ಕೆ ಸಿದ್ಧವಾಯಿತು. ಭೂಮಿ ಬಿಟ್ಟವರು ಮಾತ್ರ ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ದೇಶಕ್ಕಾಗಿ ಮನೆ ಬಿಟ್ಟವನನ್ನು ದೇಶವೇ ಎದುರುವಾದಿಯಾಗಿ ಕೋರ್ಟಿನ ಮೆಟ್ಟಲ ಮೇಲೆ ನಿಲ್ಲಿಸಿತು!

ಅದೇ ನೌಕಾನೆಲೆಯ ಮಗ್ಗುಲಿನಲ್ಲಿ ಬೇಲೆಕೇರಿ ಎಂಬ ಸಣ್ಣ ಬಂದರು. ಚೀನದಲ್ಲಿ ಉಕ್ಕಿನ ಹಸಿವು ಏರಿದ್ದ ದಿನಗಳಲ್ಲಿ ಬಳ್ಳಾರಿಯ ಅದಿರು ಲಾರಿ ಲಾರಿಯಾಗಿ ಅಲ್ಲಿಗೆ ಇಳಿಯಿತು. 2010ರಲ್ಲಿ ಅಧಿಕಾರಿಗಳು ಮುಟ್ಟುಗೋಲು ಹಾಕಿದ್ದ ಅದಿರಿನಲ್ಲಿಯೇ ಲಕ್ಷಗಟ್ಟಲೆ ಟನ್ನು ಮಾಯವಾಗಿ ಹಡಗು ಹತ್ತಿತು. 2011ರ ಲೋಕಾಯುಕ್ತ ವರದಿ ಆ ಲೂಟಿಯನ್ನು ಬಯಲಿಗೆಳೆಯಿತು. ಶತ್ರು ಒಳಗೆ ಬಾರದಂತೆ ಕಾಯಲು ಯುದ್ಧನೌಕೆಯುಂಟು. ನಾಡಿನ ಮಣ್ಣು ಹೊರಗೆ ಹೋಗದಂತೆ ಕಾಯಲು ಒಬ್ಬ ನೆಟ್ಟಗಿನ ಗುಮಾಸ್ತನೂ ಇರಲಿಲ್ಲ. ಕಾವಲೆಂದರೆ ಫಿರಂಗಿಯೊಂದೇ ಅಲ್ಲ, ಒಳ್ಳೆಯ ವ್ಯಾಪಾರ ನೀತಿಯೂ ಕಾವಲೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಸ್ತರ ಪಾಡನ್ನೂ ನೋಡಿ. ಮುಂಬಯಿಯ ದಾಳಿಯ ನಂತರ ಕರಾವಳಿಯ ಕಣ್ಣು ಕಿವಿ ನೀವೇ ಎಂದು ಅವರಿಗೆ ಗುರುತಿನ ಚೀಟಿ ಕೊಟ್ಟರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಜನರೊಡನೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಬಳಿ ಸಿಕ್ಕಿದುದು 2019ರ ಮೇ ತಿಂಗಳಿನಲ್ಲಿ. ಐದು ತಿಂಗಳ ಕಾಲ ಏಳು ಮನೆಗಳವರು ದಡದಲ್ಲಿ ನಿಂತು ಕಾದರು. ಕಣ್ಣು ಕಿವಿ ಎಂದು ಕರೆದ ಮೇಲೆ ಆ ಕಣ್ಣಿನ ನೀರಿಗೂ ಲೆಕ್ಕವಿರಬೇಡವೆ?

ಮೂರು ವಾದಗಳು

'ಹಡಗು ಯಾರದಾದರೇನು, ಅಗ್ಗವಾಗಿ ಮಾಲು ಮುಟ್ಟಿದರೆ ಸಾಕಲ್ಲ' ಎನ್ನುವರು ಕೆಲವರು. ಶಾಂತಿಯ ದಿನಗಳಲ್ಲಿ ಸಾಕು ಎನ್ನಿಸುತ್ತದೆ. 2024ರಲ್ಲಿ ಬಾಡಿಗೆ ಏರಿದಾಗ ದೊಡ್ಡ ರಫ್ತುದಾರನು ಕಂಪನಿಯೊಡನೆ ವರ್ಷದ ಕರಾರು ಮಾಡಿಕೊಂಡು ಬಚಾವಾದನು. ಒಂದೆರಡು ಪೆಟ್ಟಿಗೆಯ ಸಣ್ಣವನು ಪೆಟ್ಟಿಗೆಯೇ ಸಿಗದೆ ಅಂದಿನ ದರಕ್ಕೆ ತಲೆಬಾಗಬೇಕಾಯಿತು. ಜಗತ್ತಿನ ಪೆಟ್ಟಿಗೆ ಸಾಗಣೆಯ ಬಹುಪಾಲು ಬೆರಳೆಣಿಕೆಯ ಕಂಪನಿಗಳ ಹಿಡಿತದಲ್ಲಿದೆ. ಕರ್ತಾಜ್ ಚೀಟಿ ಹೋಯಿತು, ಬಾಡಿಗೆ ಚೀಟಿ ಬಂತು.

'ಸರ್ಕಾರಿ ಹಡಗೆಂದರೆ ನಷ್ಟ' ಎಂಬುದು ಇನ್ನೊಂದು ವಾದ. ಮಾರಬೇಕೆಂದು ಹೊರಟ ಭಾರತ ಹಡಗು ನಿಗಮಕ್ಕೆ 2008ರಲ್ಲಿ 'ನವರತ್ನ' ಎಂಬ ಬಿರುದು ಕೊಟ್ಟುದು ದಿಲ್ಲಿ ಸರ್ಕಾರವೇ. ರತ್ನವನ್ನು ಹನ್ನೊಂದೇ ವರುಷಕ್ಕೆ ಗುಜರಿಗೆ ಹಾಕುವವನ ಕಣ್ಣಿನಲ್ಲಿ ದೋಷವೋ, ರತ್ನದಲ್ಲಿ ದೋಷವೋ? ಸರ್ಕಾರಿ ಸಂಸ್ಥೆಗಳಲ್ಲಿ ಸೋಮಾರಿತನವಿಲ್ಲ, ಲಂಚವಿಲ್ಲ ಎಂದು ನಾವು ಹೇಳುತ್ತಿಲ್ಲ. ರೋಗಕ್ಕೆ ಮದ್ದು ಕೊಡಬೇಕು, ರೋಗಿಯನ್ನು ಹರಾಜು ಹಾಕಬಾರದು.

ಮೂರನೆಯ ವಾದ ನಮ್ಮವರದೇ: 'ಬಡದೇಶಕ್ಕೆ ಯುದ್ಧನೌಕೆ ಏಕೆ, ಆ ಹಣದಲ್ಲಿ ಶಾಲೆ ಕಟ್ಟಬಾರದೆ?' ಮನಸ್ಸು ಒಳ್ಳೆಯದು, ಲೆಕ್ಕ ತಪ್ಪು. ಕಾವಲಿಲ್ಲದ ಕಡಲು ಏನಾಗುತ್ತದೆಂದು ಬಸರೂರು ಕಂಡಿದೆ, ಮುಂಬಯಿ ಕಂಡಿದೆ. ಶಾಲೆಗೆ ಬೇಕಾದ ಹಣ ಯುದ್ಧನೌಕೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆ 6 ಲಕ್ಷ ಕೋಟಿಯ ಬಾಡಿಗೆಯಲ್ಲಿದೆ. ಅದರಲ್ಲಿ ಕಾಲು ಭಾಗ ನಮ್ಮ ಹಡಗುಗಳಿಗೆ ಬಂದರೂ ಒಂದೂವರೆ ಲಕ್ಷ ಕೋಟಿ ರೂಪಾಯಿ ನಮ್ಮ ಖಲಾಸಿಯ, ನಮ್ಮ ಬೆಸುಗೆಗಾರನ, ನಮ್ಮ ಖಜಾನೆಯ ಪಾಲಿಗೆ ಬಂದೀತು.

ನಾವು ಕೇಳಬೇಕಾದುದು

ಸರ್ಕಾರದ ಹಾಗೂ ಸರ್ಕಾರಿ ಕಂಪನಿಗಳ ಕಚ್ಚಾ ತೈಲ, ಕಲ್ಲಿದ್ದಲು, ಗೊಬ್ಬರಗಳ ಆಮದಿನಲ್ಲಿ ಗಾಡಿ ಗೊತ್ತುಮಾಡುವ ಹಕ್ಕು ನಮ್ಮ ಕೈಯಲ್ಲಿ ಉಳಿಯಲಿ, ಭಾರತದ ಹಡಗಿಗೆ ಮೊದಲ ಮಣೆ ಸಿಗಲಿ. ಭಾರತ ಹಡಗು ನಿಗಮವನ್ನು ಮಾರುವ ತೀರ್ಮಾನವನ್ನು ರದ್ದುಮಾಡಿ, ಅದಕ್ಕೆ ಹೊಸ ಹಡಗುಗಳನ್ನು ಕೊಡಲಿ. 69,725 ಕೋಟಿಯಲ್ಲಿ ಕಾಸು ಪಡೆದ ಹಡಗು ಭಾರತದ ಬಾವುಟದಡಿಯಲ್ಲೇ ಇರಬೇಕು, ಕಟ್ಟುವ ಕಾರ್ಮಿಕನಿಗೆ ಖಾಯಂ ಕೆಲಸವಿರಬೇಕು ಎಂಬ ಕರಾರನ್ನು ಬರೆದಿಡಲಿ. ಸಣ್ಣ ವರ್ತಕರು ಸಹಕಾರ ಸಂಘ ಮಾಡಿಕೊಂಡು ಒಟ್ಟಾಗಿ ಹಡಗಿನ ಜಾಗ ಹಿಡಿಯಲು ಬಂದರುಗಳಲ್ಲಿ ಏರ್ಪಾಡಾಗಲಿ. ಏರಿದ ಬಾಡಿಗೆಗೆ ಕಾರಣ ಕೇಳುವ ಅಧಿಕಾರವಿರುವ ಮಂಡಲಿಯೊಂದಿರಲಿ. ನಮ್ಮ ಕಡಲಿನಲ್ಲಿ ಓಡಾಡುವ ಪರದೇಶಿ ಹಡಗುಗಳಿಂದ ಅಪಘಾತ ಪರಿಹಾರದ ನಿಧಿಗೆ ಮುಂಚಿತವಾಗಿಯೇ ಹಣ ಕಟ್ಟಿಸಿಕೊಳ್ಳಲಿ. ಸೀಬರ್ಡ್ ನಿರಾಶ್ರಿತರಿಗೆ ಉಳಿದಿರುವ ಪರಿಹಾರವನ್ನೂ ಅವರ ಮಕ್ಕಳಿಗೆ ನೆಲೆಯಲ್ಲಿ ಕೆಲಸವನ್ನೂ ಕೊಡಲಿ. ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರು ಬೇಡವೆಂದು 2025ರಲ್ಲಿ ಬೀದಿಗಿಳಿದ ಬೆಸ್ತರ ಮಾತನ್ನು ಕೇಳದೆ ಇನ್ನೊಂದು ಬೇಲಿ ಹಾಕದಿರಲಿ.

ಇವು ಆಕಾಶದ ಹಣ್ಣುಗಳಲ್ಲ. ಇವುಗಳಲ್ಲಿ ಮೊದಲನೆಯದು ಹಿಂದೆ ನಮ್ಮ ನಿಯಮದಲ್ಲಿಯೇ ಇತ್ತು. ಎರಡನೆಯದಕ್ಕೆ ಒಂದು ಸಹಿ ಸಾಕು.

ಗಿರಣಿಯ ಸಂಘದ ಮುಂದಿನ ಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಈ ವಿಷಯವನ್ನೂ ಐದು ನಿಮಿಷ ಎತ್ತಿರಿ. ವರ್ತಕರ ಸಂಘದವರು ಮುಂದಿನ ಸಲ ಲೋಕಸಭಾ ಸದಸ್ಯರಿಗೆ ಹಾರ ಹಾಕುವಾಗ, ಹಾರದ ಜತೆಗೆ ಒಂದು ಪ್ರಶ್ನೆಯನ್ನೂ ಕೊರಳಿಗೆ ಹಾಕಿರಿ: 'ಸ್ವಾಮೀ, ನಮ್ಮ ಅಂಗಡಿಗೆ ಬಂದ ಎಣ್ಣೆಯ ಹಡಗಿನ ಮೇಲೆ ಯಾರ ಬಾವುಟವಿತ್ತು? ಅದನ್ನು ಬದಲಿಸಲು ತಾವು ಸಭೆಯಲ್ಲಿ ಎಷ್ಟು ಸಲ ಎದ್ದು ನಿಂತಿರಿ?' ಅವರ ಉತ್ತರವನ್ನು ನಮಗೆ ಬರೆದು ತಿಳಿಸಿರಿ. ಬಂದ ಉತ್ತರಗಳನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.